ಔಷಧಗಳ ಗುಂಪು, ಅದರ ಉದಾಹರಣೆಗಳು: ನೆನಪಿಟ್ಟುಕೊಳ್ಳುವುದು ಹೇಗೆ?

ಹಾವೇರಿ_ಡಿಫಾರ್ಮ್

ಎಲ್ಲರಿಗೂ ನಮಸ್ಕಾರ. ನಾನು ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಎರಡನೇ ವರ್ಷದಲ್ಲಿದ್ದೇನೆ. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಈ ವರ್ಷ ಫಾರ್ಮಕಾಲಜಿ, ಅಂದರೆ ಔಷಧ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯ, ಶುರುವಾಗಿದೆ. ಪಾಠ ಕೇಳುವಾಗ ಎಲ್ಲಾ ಅರ್ಥ ಆಗುತ್ತದೆ. ಆದರೆ "ಬಿಪಿ ಔಷಧಗಳನ್ನು ವರ್ಗೀಕರಿಸಿ, ಉದಾಹರಣೆ ಕೊಡಿ" ಅಂತ ಪ್ರಶ್ನೆ ಬಂದರೆ ಪೆನ್ನು ನಿಂತುಬಿಡುತ್ತದೆ. ಗುಂಪು ನೆನಪಾದರೆ ಔಷಧದ ಹೆಸರು ಹೊಳೆಯುವುದಿಲ್ಲ. ಹೆಸರು ಹೊಳೆದರೆ ಅದು ಯಾವ ಗುಂಪು ಅನ್ನೋದು ಮರೆತಿರುತ್ತದೆ.

ಇನ್ನೊಂದು ತೊಂದರೆ ಇದೆ. ಸಂಜೆ ಹೊತ್ತು ಪರಿಚಯದವರ ಮೆಡಿಕಲ್ ಶಾಪ್‌ನಲ್ಲಿ ಕೂರುತ್ತೇನೆ. ಅಲ್ಲಿ ಜನ ಕೇಳುವುದು ಕಂಪನಿ ಹೆಸರನ್ನು. ಪುಸ್ತಕದಲ್ಲಿರುವ ಹೆಸರೇ ಬೇರೆ. ಎರಡನ್ನೂ ಹೊಂದಿಸುವುದು ಹೇಗೆ? ನೀವೆಲ್ಲ ಹೇಗೆ ಕಲಿತಿರಿ, ದಯವಿಟ್ಟು ಹೇಳಿ.

ದಾವಣಗೆರೆ_ಮೆಡಿಕಲ್

ತಂಗಿ, ಮೊದಲು ಹೆಸರಿನ ಬಾಲ ಹಿಡಿಯಿರಿ. ಔಷಧದ ಮೂಲ ಹೆಸರು ಸುಮ್ನೆ ಇಟ್ಟಿದ್ದಲ್ಲ. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಯಾವ ಮನೆತನ ಅಂತ ಗೊತ್ತಾಗುತ್ತದಲ್ಲ, ಹಾಗೇ ಇದೂ.

ಕೊನೆಯಲ್ಲಿ "ಪ್ರಿಲ್" ಇದ್ದರೆ ಎಸಿಇ (ಬಿಪಿ ಏರಿಸುವ ಒಂದು ಕಿಣ್ವ) ತಡೆಯುವ ಗುಂಪು: ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್. "ಸಾರ್ಟಾನ್" ಇದ್ದರೆ ಲೊಸಾರ್ಟಾನ್, ಟೆಲ್ಮಿಸಾರ್ಟಾನ್, ಓಲ್ಮೆಸಾರ್ಟಾನ್ ಎಲ್ಲಾ ಒಂದೇ ಮನೆ. "ಒಲಾಲ್" ಅಂದರೆ ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್: ಪ್ರೊಪ್ರನೊಲಾಲ್, ಅಟೆನೊಲಾಲ್, ಮೆಟೊಪ್ರೊಲಾಲ್. "ಡಿಪಿನ್" ಅಂದರೆ ಕ್ಯಾಲ್ಸಿಯಂ ಚಾನೆಲ್ ತಡೆಯುವ ಅಮ್ಲೋಡಿಪಿನ್, ನಿಫೆಡಿಪಿನ್, ಸಿಲ್ನಿಡಿಪಿನ್. ಬಿಪಿಯಲ್ಲಿ ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಶುಗರ್‌ನಲ್ಲಿ "ಗ್ಲಿಪ್ಟಿನ್", "ಗ್ಲಿಫ್ಲೋಜಿನ್". ಗ್ಯಾಸ್ ಮಾತ್ರೆಯಲ್ಲಿ "ಪ್ರಜೋಲ್". ವಾಂತಿಗೆ "ಸೆಟ್ರಾನ್", ಅಂದರೆ ಓಂಡಾನ್‌ಸೆಟ್ರಾನ್. ಆಂಟಿಬಯಾಟಿಕ್‌ನಲ್ಲಿ "ಸಿಲಿನ್", "ಫ್ಲಾಕ್ಸಸಿನ್", "ಸೈಕ್ಲಿನ್", ಮತ್ತೆ ಮುಂದುಗಡೆ "ಸೆಫ್".

ಒಂದು ಗುಂಪಿಗೆ ಒಂದೇ ಔಷಧವನ್ನು ಚೆನ್ನಾಗಿ ಓದಿ. ಅದರ ಕೆಲಸ, ಡೋಸ್, ತೊಂದರೆ ಎಲ್ಲಾ. ಉಳಿದವು ಅದಕ್ಕಿಂತ ಎಲ್ಲಿ ಬೇರೆ ಅನ್ನೋದನ್ನಷ್ಟೇ ಪಕ್ಕದಲ್ಲಿ ಬರೆದುಕೊಳ್ಳಿ. ಹತ್ತು ಹೆಸರನ್ನು ಒಟ್ಟಿಗೆ ಬಾಯಿಪಾಠ ಮಾಡಿದರೆ ಹತ್ತೂ ಹೋಗುತ್ತವೆ.

ಮಂಗಳೂರು_ಉಪನ್ಯಾಸಕಿ

ದಾವಣಗೆರೆ ಸರ್ ಹೇಳಿದ್ದು ಸರಿ. ಇದಕ್ಕೆ ಹಿನ್ನೆಲೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಈ ಹೆಸರಿಡುವ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಮೊದಲ ಪಟ್ಟಿ ಬಂದಿದ್ದು 1953ರಲ್ಲಿ. ಒಂದೇ ಥರ ಕೆಲಸ ಮಾಡುವ ಔಷಧಗಳಿಗೆ ಒಂದೇ ತುಣುಕು ಇರಬೇಕು ಅನ್ನೋದು ಅದರ ನಿಯಮ. ಹಾಗಾಗಿ ಹಾವೇರಿಯಲ್ಲಿ ಓದಿದ ಟೆಲ್ಮಿಸಾರ್ಟಾನ್ ಜಪಾನಿನಲ್ಲೂ ಟೆಲ್ಮಿಸಾರ್ಟಾನೇ.

ಆದರೆ ಬಾಲ ನಂಬಿ ಮೋಸ ಹೋಗುವ ಜಾಗಗಳಿವೆ. ಪರೀಕ್ಷೆಯಲ್ಲಿ ಮಕ್ಕಳು ಜಾಸ್ತಿ ಎಡವುವುದು ಅಲ್ಲೇ.

ಒಂದು, "ಜೋಲ್". ಬರೀ ಅಷ್ಟೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಸಿಡ್ ಕಡಿಮೆ ಮಾಡುತ್ತದೆ. ಫ್ಲುಕೊನಜೋಲ್ ಫಂಗಸ್‌ಗೆ. ಮೆಟ್ರೊನಿಡಜೋಲ್ ಅಮೀಬಾ ಮತ್ತು ಕೆಲವು ಬ್ಯಾಕ್ಟೀರಿಯಾಕ್ಕೆ. ಅಲ್ಬೆಂಡಜೋಲ್ ಜಂತುಹುಳಕ್ಕೆ. ಕಾರ್ಬಿಮಜೋಲ್ ಥೈರಾಯ್ಡ್ ಜಾಸ್ತಿ ಆದಾಗ. ಲೆಟ್ರೊಜೋಲ್ ಸ್ತನ ಕ್ಯಾನ್ಸರ್‌ಗೆ. ಆದ್ದರಿಂದ "ಪ್ರಜೋಲ್", "ಕೊನಜೋಲ್", "ನಿಡಜೋಲ್", "ಬೆಂಡಜೋಲ್" ಅಂತ ಪೂರ್ತಿ ತುಣುಕನ್ನೇ ಕಲಿಯಿರಿ. ಅದರಲ್ಲೂ ಅರಿಪಿಪ್ರಜೋಲ್ ಅಂತ ಒಂದಿದೆ. ಅದು ಗ್ಯಾಸ್ ಮಾತ್ರೆ ಅಲ್ಲ, ಮಾನಸಿಕ ಕಾಯಿಲೆಗೆ ಕೊಡುವುದು. ಅದರ ತುಣುಕು "ಪಿಪ್ರಜೋಲ್".

ಎರಡು, "ಮೈಸಿನ್". ಇದು ಆ ಔಷಧ ಯಾವ ಸೂಕ್ಷ್ಮಜೀವಿಯಿಂದ ಬಂತು ಅಂತ ಹೇಳುತ್ತದೆಯೇ ಹೊರತು ಗುಂಪು ಹೇಳುವುದಿಲ್ಲ. ಅಜಿಥ್ರೊಮೈಸಿನ್ ಮ್ಯಾಕ್ರೋಲೈಡ್ ಅನ್ನುವ ಆಂಟಿಬಯಾಟಿಕ್ ಗುಂಪು. ಜೆಂಟಾಮೈಸಿನ್ ಅಮಿನೊಗ್ಲೈಕೋಸೈಡ್. ವ್ಯಾಂಕೊಮೈಸಿನ್, ಕ್ಲಿಂಡಮೈಸಿನ್ ಮತ್ತೆ ಬೇರೆ ಬೇರೆ. ಬ್ಲಿಯೊಮೈಸಿನ್ ಅಂತೂ ಕ್ಯಾನ್ಸರ್ ಔಷಧ.

ಮೂರು, "ಸ್ಟಾಟಿನ್". ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ಕೊಲೆಸ್ಟ್ರಾಲ್‌ಗೆ. ಅವುಗಳ ಬಾಲ "ವಾಸ್ಟಾಟಿನ್". ನಿಸ್ಟಾಟಿನ್ ಮಾತ್ರ ಬಾಯಿಯಲ್ಲಿ ಫಂಗಸ್ ಆದಾಗ ಹಾಕುವುದು. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅದನ್ನು ಕಂಡುಹಿಡಿದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದರಿಂದ ಆ ಹೆಸರು ಬಂತು. ಸ್ಟಾಟಿನ್ ಗುಂಪಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾವೇರಿ_ಡಿಫಾರ್ಮ್

ಮೇಡಂ, ಈ "ಜೋಲ್" ಗೊಂದಲ ನನಗೂ ಇತ್ತು. ತುಂಬಾ ಥ್ಯಾಂಕ್ಸ್.

ಒಂದು ಅನುಮಾನ. ಸಾಲ್ಬುಟಮಾಲ್ ಕೂಡ "ಆಲ್" ಅಂತಲೇ ಮುಗಿಯುತ್ತದೆ. ಅದೂ ಬೀಟಾ ಬ್ಲಾಕರ್ ಗುಂಪೇ? ಮತ್ತೆ ಬಿಪಿಯಲ್ಲಿ ಪ್ರಿಲ್, ಸಾರ್ಟಾನ್ ಎರಡೂ ಒಂದೇ ಥರ ಅನಿಸುತ್ತದೆ. ವ್ಯತ್ಯಾಸ ಹೇಗೆ ನೆನಪಿಡುವುದು?

ಮಂಗಳೂರು_ಉಪನ್ಯಾಸಕಿ

ಸಾಲ್ಬುಟಮಾಲ್ ನೇರ ವಿರುದ್ಧ. ಬೀಟಾ ರಿಸೆಪ್ಟರ್‌ಗಳಲ್ಲಿ (ಔಷಧ, ಹಾರ್ಮೋನು ಬಂದು ಅಂಟುವ ಜಾಗ) ಹೃದಯದಲ್ಲಿ ಜಾಸ್ತಿ ಇರುವುದು ಬೀಟಾ 1. ಶ್ವಾಸನಾಳದಲ್ಲಿ ಬೀಟಾ 2. ಸಾಲ್ಬುಟಮಾಲ್ ಈ ಬೀಟಾ 2ನ್ನು ಕೆರಳಿಸಿ ಶ್ವಾಸನಾಳ ಅಗಲ ಮಾಡುತ್ತದೆ. ಪ್ರೊಪ್ರನೊಲಾಲ್ ಎರಡನ್ನೂ ಮುಚ್ಚುತ್ತದೆ. ಅದಕ್ಕೇ ಆಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಕೊಟ್ಟರೆ ಉಸಿರು ಕಟ್ಟಬಹುದು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಹೆಚ್ಚಾಗಿ ಬೀಟಾ 1ರ ಮೇಲೆ ಕೆಲಸ ಮಾಡುತ್ತವೆ. ಆದರೂ ಆಸ್ತಮಾ ಇದ್ದರೆ ಹುಷಾರಾಗಿರಬೇಕು. "ಒಲಾಲ್" ಪೂರ್ತಿ ಇದ್ದರೆ ಮಾತ್ರ ಈ ಮನೆ. ಪ್ಯಾರಸಿಟಮಾಲ್, ಎಥಾಂಬುಟಾಲ್, ಟ್ರಮಡಾಲ್ ಯಾವುವೂ ಇಲ್ಲಿಗೆ ಸೇರುವುದಿಲ್ಲ.

ಇನ್ನು ಪ್ರಿಲ್ ಮತ್ತು ಸಾರ್ಟಾನ್. ಇದನ್ನು ಹೆಸರಾಗಿ ಓದಬೇಡಿ, ದಾರಿಯಾಗಿ ಓದಿ. ಒಂದು ಹಾಳೆ ತೆಗೆದುಕೊಂಡು ಮೇಲಿಂದ ಕೆಳಗೆ ಬರೆಯಿರಿ.

ಮೈಯಲ್ಲಿ ರಕ್ತದೊತ್ತಡ ಇಳಿದಾಗ ಕಿಡ್ನಿ ರೆನಿನ್ ಬಿಡುತ್ತದೆ. ಲಿವರ್ ತಯಾರಿಸಿಟ್ಟ ಆಂಜಿಯೊಟೆನ್ಸಿನೋಜನ್ ಇರುತ್ತದಲ್ಲ, ರೆನಿನ್ ಅದನ್ನು ಕತ್ತರಿಸಿ ಆಂಜಿಯೊಟೆನ್ಸಿನ್ 1 ಮಾಡುತ್ತದೆ. ಇದಕ್ಕೆ ಇನ್ನೂ ಶಕ್ತಿ ಇಲ್ಲ. ಎಸಿಇ ಅನ್ನುವ ಕಿಣ್ವ ಅದನ್ನು ಆಂಜಿಯೊಟೆನ್ಸಿನ್ 2 ಮಾಡುತ್ತದೆ. ಈ ಕಿಣ್ವ ಶ್ವಾಸಕೋಶದ ರಕ್ತನಾಳಗಳಲ್ಲಿ ಜಾಸ್ತಿ. ಆಂಜಿಯೊಟೆನ್ಸಿನ್ 2 ತನ್ನ ರಿಸೆಪ್ಟರ್‌ಗೆ ಅಂಟಿದರೆ ರಕ್ತನಾಳ ಬಿಗಿಯುತ್ತದೆ, ಆಲ್ಡೊಸ್ಟೆರಾನ್ ಬಿಡುಗಡೆ ಆಗುತ್ತದೆ. ಆಲ್ಡೊಸ್ಟೆರಾನ್ ಉಪ್ಪು, ನೀರನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಗೆ ಕಳಿಸುತ್ತದೆ. ಬಿಪಿ ಏರುತ್ತದೆ.

ಈಗ ಔಷಧಗಳನ್ನು ಆ ದಾರಿಯ ಮೇಲೆ ಕೂರಿಸಿ. ಎಸಿಇ ಕಿಣ್ವ ಇರುವಲ್ಲಿ ಪ್ರಿಲ್. ರಿಸೆಪ್ಟರ್ ಇರುವಲ್ಲಿ ಸಾರ್ಟಾನ್. ಆಲ್ಡೊಸ್ಟೆರಾನ್ ಇರುವಲ್ಲಿ ಸ್ಪೈರೊನೊಲ್ಯಾಕ್ಟೋನ್. ಮೂರು ಗುಂಪು, ಮೂರು ಜಾಗ.

ಅಡ್ಡ ಪರಿಣಾಮಗಳನ್ನೂ ಈ ಹಾಳೆಯೇ ಹೇಳಿಕೊಡುತ್ತದೆ. ಎಸಿಇ ಕಿಣ್ವಕ್ಕೆ ಇನ್ನೊಂದು ಕೆಲಸ ಇದೆ. ಅದು ಬ್ರಾಡಿಕೈನಿನ್ ಅನ್ನುವ ವಸ್ತುವನ್ನು ಒಡೆದುಹಾಕುತ್ತದೆ. ಪ್ರಿಲ್ ಕೊಟ್ಟು ಕಿಣ್ವವನ್ನು ನಿಲ್ಲಿಸಿದರೆ ಬ್ರಾಡಿಕೈನಿನ್ ಉಳಿದುಬಿಡುತ್ತದೆ. ಕೆಲವರಿಗೆ ಒಣಕೆಮ್ಮು ಶುರುವಾಗುತ್ತದೆ. ಸಾರ್ಟಾನ್ ಆ ಕಿಣ್ವವನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಕೆಮ್ಮು ಬಂದವರಿಗೆ ಡಾಕ್ಟರು ಸಾರ್ಟಾನ್‌ಗೆ ಬದಲಾಯಿಸುವುದು. ಆಲ್ಡೊಸ್ಟೆರಾನ್ ಕಡಿಮೆ ಆದರೆ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಆದ್ದರಿಂದ ಮೂರಕ್ಕೂ ಪೊಟ್ಯಾಸಿಯಂ ಏರುವ ಭಯ ಇದೆ. ಪ್ರಿಲ್ ಮತ್ತು ಸಾರ್ಟಾನ್ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಹಾನಿ ಮಾಡುತ್ತವೆ, ಹಾಗಾಗಿ ಗರ್ಭಿಣಿಯರಿಗೆ ಕೊಡುವುದಿಲ್ಲ. ಅವರಿಗೆ ಲ್ಯಾಬೆಟಲಾಲ್, ಮೀಥೈಲ್‌ಡೋಪಾ ಅಥವಾ ನಿಫೆಡಿಪಿನ್.

ಇನ್ನೊಂದು ಮಾತು ಕ್ಲಾಸಿನಲ್ಲಿ ಹೇಳಲು ನನಗೆ ತುಂಬಾ ಇಷ್ಟ. ಮೊದಲ ಪ್ರಿಲ್ ಆದ ಕ್ಯಾಪ್ಟೊಪ್ರಿಲ್‌ಗೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಜರರಾಕ ಹಾವಿನ ವಿಷ. ಅದು ಕಚ್ಚಿದಾಗ ಬಿಪಿ ದಿಢೀರ್ ಇಳಿಯುತ್ತಿತ್ತು. ಆ ವಿಷದಲ್ಲಿದ್ದ ಅಂಶ ಎಸಿಇಯನ್ನು ತಡೆಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಕ್ಯಾಪ್ಟೊಪ್ರಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಈ ಕತೆ ಕೇಳಿದವರು ಎಸಿಇಯನ್ನು ಮರೆತಿದ್ದು ನಾನು ನೋಡಿಲ್ಲ.

ವಾರ್ಡ್_ಸಿಸ್ಟರ್

ಮೇಡಂ, ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ಮೆಡಿಸಿನ್ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ನಾವು ಗುಂಪನ್ನು ನೆನಪಿಡುವುದು "ಕೊಡುವ ಮೊದಲು ಏನು ನೋಡಬೇಕು" ಅನ್ನುವುದರಿಂದ.

ಬೀಟಾ ಬ್ಲಾಕರ್ ಕೊಡುವ ಮೊದಲು ನಾಡಿ ಎಣಿಸು. ಅಮ್ಲೋಡಿಪಿನ್ ತೆಗೆದುಕೊಳ್ಳುವವರ ಪಾದದ ಗಂಟು ಒತ್ತಿ ನೋಡು, ಊದಿಕೊಂಡಿರಬಹುದು. ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಮಾಡುವ ಫ್ಯುರೊಸೆಮೈಡ್ ಬೆಳಿಗ್ಗೆ ಕೊಡು, ರಾತ್ರಿ ಕೊಟ್ಟರೆ ಪಾಪ ಅವರು ನಿದ್ದೆ ಬಿಟ್ಟು ಬಾತ್‌ರೂಮಿಗೆ ಓಡಬೇಕು. ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಪೊಟ್ಯಾಸಿಯಂ ರಿಪೋರ್ಟ್ ನೋಡು. ಸ್ಟಾಟಿನ್ ಇದ್ದರೆ ಮೈಕೈ ಸೆಳೆತ ಕೇಳು. ರಿಫಾಂಪಿಸಿನ್ ಶುರುಮಾಡುವ ದಿನವೇ ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಹೆದರಬೇಡಿ ಅಂತ ಹೇಳು. ಇದನ್ನು ಹೇಳದೇ ಇದ್ದರೆ ರಕ್ತ ಬರುತ್ತಿದೆ ಅಂದುಕೊಂಡು ಟಿಬಿ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ.

ತಂಗಿ, ಒಂದು ಎಚ್ಚರಿಕೆ. ಕೇಳಲು ಒಂದೇ ಥರ ಇರುವ ಹೆಸರುಗಳನ್ನು ಜೋಡಿಯಾಗಿ ಓದಿ. ಮೆಟ್‌ಫಾರ್ಮಿನ್ ಮತ್ತು ಮೆಟ್ರೊನಿಡಜೋಲ್. ಹೈಡ್ರಾಲಜಿನ್ ಬಿಪಿಗೆ, ಹೈಡ್ರಾಕ್ಸಿಜಿನ್ ತುರಿಕೆಗೆ. ಕ್ಲೊನಿಡಿನ್ ಬಿಪಿಗೆ, ಕ್ಲೊನಜೆಪಾಮ್ ಫಿಟ್ಸ್‌ಗೆ ಮತ್ತು ಆತಂಕಕ್ಕೆ. ಇಂಥವನ್ನು ಕಪಾಟಿನಲ್ಲಿ ಅಕ್ಕಪಕ್ಕ ಇಡಬಾರದು. ಚೀಟಿಯ ಅಕ್ಷರ ಸರಿಯಾಗಿ ಕಾಣದಿದ್ದರೆ ಊಹೆ ಮಾಡದೆ ಕೇಳಬೇಕು.

ಪರೀಕ್ಷೆ_ಹತ್ತಿರ

ನಾನು ಬಿ.ಫಾರ್ಮ್. ಎಲ್ಲರ ಮಾತೂ ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡ ಸಿಲೆಬಸ್‌ಗೆ ಪ್ರತಿಯೊಂದರ ದಾರಿಯನ್ನೂ ಬಿಡಿಸಿ ಓದಲು ಟೈಮ್ ಎಲ್ಲಿದೆ? ನಮಗೆ ಫಾರ್ಮಕಾಲಜಿ ನಾಲ್ಕನೇ ಸೆಮಿಸ್ಟರ್‌ನಿಂದ ಆರನೇ ಸೆಮಿಸ್ಟರ್‌ವರೆಗೂ ಬರುತ್ತದೆ. ಮೊದಲಕ್ಷರ ಜೋಡಿಸಿ ಸೂತ್ರ ಮಾಡಿಕೊಂಡರೆ ಪಾಸಾಗಬಹುದು. ಟಿಬಿಗೆ "ಎಚ್ ಆರ್ ಝಡ್ ಇ" ಅಂತ ನೆನಪಿಟ್ಟರೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ನಾಲ್ಕೂ ಬಂದವಲ್ಲ.

ಮಂಗಳೂರು_ಉಪನ್ಯಾಸಕಿ

ಟಿಬಿಗೆ ಆ ಸೂತ್ರ ಸರಿ. ಅದು ಚಿಕಿತ್ಸೆಯಲ್ಲೇ ಬಳಸುವ ಸಂಕೇತ. ಮೊದಲ ಎರಡು ತಿಂಗಳು ನಾಲ್ಕೂ, ಆಮೇಲೆ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಮೂರು. ಅದನ್ನು ಕಲಿಯಲೇಬೇಕು.

ಆದರೆ ಎಲ್ಲದಕ್ಕೂ ಸೂತ್ರ ಮಾಡಲು ಹೋದರೆ ಸೂತ್ರಗಳನ್ನು ನೆನಪಿಡಲು ಇನ್ನೊಂದು ಸೂತ್ರ ಬೇಕಾಗುತ್ತದೆ. ಮತ್ತೆ ಸೂತ್ರ ಹೆಸರು ಕೊಡುತ್ತದೆ, ಕಾರಣ ಕೊಡುವುದಿಲ್ಲ. ಐಸೋನಿಯಾಜಿಡ್ ಜೊತೆ ಪಿರಿಡಾಕ್ಸಿನ್ ಯಾಕೆ ಕೊಡುತ್ತಾರೆ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ? ಐಸೋನಿಯಾಜಿಡ್‌ನಿಂದ ಬಿ6 ವಿಟಮಿನ್ ಕೊರತೆ ಆಗಿ ಕೈಕಾಲು ಜುಮ್ಮೆನ್ನಬಹುದು, ಅದನ್ನು ತಡೆಯಲು. ಈ ಉತ್ತರ ಸೂತ್ರದಲ್ಲಿ ಸಿಗುವುದಿಲ್ಲ.

ಟೈಮ್ ಕಡಿಮೆ ಇದ್ದರೆ ಬಿಪಿ, ಶುಗರ್, ಆಂಟಿಬಯಾಟಿಕ್, ನೋವಿನ ಮಾತ್ರೆ, ಈ ನಾಲ್ಕನ್ನು ಮಾತ್ರ ದಾರಿ ಬಿಡಿಸಿ ಓದಿ. ಉಳಿದದ್ದಕ್ಕೆ ಬಾಲ ಸಾಕು.

ದಾವಣಗೆರೆ_ಮೆಡಿಕಲ್

ಆಂಟಿಬಯಾಟಿಕ್‌ಗೂ ಮೇಡಂ ಹೇಳಿದ ದಾರಿಯೇ ಒಳ್ಳೆಯದು. ಬ್ಯಾಕ್ಟೀರಿಯಾದ ಚಿತ್ರ ಒಂದು ಬರೆಯಿರಿ. ಹೊರಗೋಡೆಯ ಹತ್ತಿರ ಅಮಾಕ್ಸಿಸಿಲಿನ್, ಸೆಫಿಕ್ಸಿಮ್. ಪ್ರೋಟೀನ್ ತಯಾರಾಗುವ ರೈಬೋಸೋಮ್ ಹತ್ತಿರ ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್, ಜೆಂಟಾಮೈಸಿನ್. ಡಿಎನ್‌ಎ ಹತ್ತಿರ ಸಿಪ್ರೊಫ್ಲಾಕ್ಸಸಿನ್. ಫೋಲಿಕ್ ಆಸಿಡ್ ತಯಾರಾಗುವಲ್ಲಿ ಕೋಟ್ರೈಮಾಕ್ಸಜೋಲ್. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ಅದಕ್ಕೇ ಅಲರ್ಜಿ ಇಲ್ಲದವರಿಗೆ ಪೆನ್ಸಿಲಿನ್ ಗುಂಪು ಅಷ್ಟು ತೊಂದರೆ ಕೊಡುವುದಿಲ್ಲ.

ಕೌಂಟರಿನಲ್ಲಿ ಹೇಳಲೇಬೇಕಾದ ಮಾತುಗಳನ್ನು ಗುಂಪಿನ ಜೊತೆಗೇ ಕಲಿಯಿರಿ. ಸಿಪ್ರೊಫ್ಲಾಕ್ಸಸಿನ್ ಅನ್ನು ಹಾಲು, ಆಂಟಾಸಿಡ್ ಜೊತೆ ತೆಗೆದುಕೊಳ್ಳಬಾರದು. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು, ನುಂಗಿದ ಕೂಡಲೇ ಮಲಗಬಾರದು, ಅನ್ನನಾಳ ಸುಟ್ಟಂತಾಗುತ್ತದೆ. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯ ಕುಡಿಯಬಾರದು. ಕುಡಿಯುವವರು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ಹೇಳಬೇಕು.

ಸೆಫಿಕ್ಸಿಮ್ ಥರದ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು, ಟಿಬಿ ಔಷಧಗಳು, ಆಲ್ಪ್ರಜೋಲಾಮ್, ಟ್ರಮಡಾಲ್ ಎಲ್ಲಾ ಶೆಡ್ಯೂಲ್ ಎಚ್1, ಅಂದರೆ ಚೀಟಿ ಇಲ್ಲದೆ ಕೊಡಬಾರದ, ಲೆಕ್ಕ ಇಡಬೇಕಾದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿವೆ. ಈ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಚೀಟಿ ಬರೆದವರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿರಿ, ಎಲ್ಲವನ್ನೂ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ನೀವು ಸಂಜೆ ಅಂಗಡಿಯಲ್ಲಿ ಕೂರುತ್ತೀರಲ್ಲ, ಆ ರಿಜಿಸ್ಟರ್ ತೆಗೆದು ಓದಿ. ಯಾವ ಗುಂಪನ್ನು ಸರ್ಕಾರ ಯಾಕೆ ಕಟ್ಟುನಿಟ್ಟು ಮಾಡಿದೆ ಅಂತ ಅರ್ಥ ಆಗುತ್ತದೆ.

ಅಪ್ಪನ_ಮಾತ್ರೆ_ಡಬ್ಬಿ

ನಾನು ಔಷಧ ಓದಿದವಳಲ್ಲ. ಅಪ್ಪನಿಗೆ ಬಿಪಿ, ಶುಗರ್ ಇದೆ. ಈಚೆಗೆ ಮಂಡಿ ನೋವಿಗೆ ಇನ್ನೊಬ್ಬರು ಡಾಕ್ಟರ್ ಹತ್ತಿರವೂ ಹೋಗಿದ್ದೆವು. ನಿಮ್ಮ ಮಾತು ಓದಿ ಡಬ್ಬಿ ತೆಗೆದು ನೋಡಿದೆ. ಒಂದು ಸ್ಟ್ರಿಪ್‌ನಲ್ಲಿ ಪ್ಯಾಂಟೊಪ್ರಜೋಲ್ ಅಂತಿದೆ, ಇನ್ನೊಂದರಲ್ಲಿ ರಾಬೆಪ್ರಜೋಲ್. ಎರಡೂ "ಪ್ರಜೋಲ್" ಅಲ್ವಾ? ಎರಡೂ ಬೇಕಾ?

ದಾವಣಗೆರೆ_ಮೆಡಿಕಲ್

ಅಕ್ಕ, ಸರಿಯಾಗಿ ಹಿಡಿದಿರಿ. ಎರಡೂ ಒಂದೇ ಗುಂಪು, ಒಂದೇ ಕೆಲಸ. ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಬರೆದಾಗ ಹೀಗಾಗುವುದು ಸಾಮಾನ್ಯ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಎರಡೂ ಸ್ಟ್ರಿಪ್, ಎರಡೂ ಚೀಟಿ ತೆಗೆದುಕೊಂಡು ಹೋಗಿ ಮೊದಲಿನ ಡಾಕ್ಟರಿಗೆ ತೋರಿಸಿ. ಇನ್ನೊಂದು ವಿಷಯ. ಮಂಡಿ ನೋವಿಗೆ ಕೊಟ್ಟಿದ್ದು ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಇದ್ದರೆ ಅದನ್ನು ಖಂಡಿತ ಹೇಳಿ. ಆ ಗುಂಪು ಬಿಪಿ ಏರಿಸಬಹುದು. ಸಾರ್ಟಾನ್ ಮತ್ತು ನೀರಿನ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೂ ಕಷ್ಟ.

ಸ್ಟ್ರಿಪ್ ಓದುವುದು ಹೇಗೆ ಅಂತ ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ದಪ್ಪ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಟ್ಟು ಇನ್ನೊಂದು ಹೆಸರು ಹುಡುಕಿ. ಅದರ ಜೊತೆ "ಐಪಿ" ಅಂತ ಇದ್ದರೆ ಭಾರತೀಯ ಫಾರ್ಮಕೋಪಿಯಾದ (ಔಷಧಗಳ ಗುಣಮಟ್ಟ ಹೇಳುವ ಅಧಿಕೃತ ಪುಸ್ತಕದ) ಗುಣಮಟ್ಟ ಅಂತ ಅರ್ಥ. ಪುಸ್ತಕದಲ್ಲಿ ಓದುವುದು ಆ ಹೆಸರನ್ನೇ. ಜನೌಷಧಿ ಕೇಂದ್ರದ ಸ್ಟ್ರಿಪ್‌ನಲ್ಲಿ ಮೂಲ ಹೆಸರೇ ಎದ್ದು ಕಾಣುತ್ತದೆ, ಕಲಿಯುವವರಿಗೆ ಅದು ದೊಡ್ಡ ಅನುಕೂಲ.

ಕಂಪನಿ ಹೆಸರಿನ ಮುಂದಿನ ಅಕ್ಷರವೂ ಮುಖ್ಯ. ಟೆಲ್ಮಾ 40 ಅಂದರೆ ಬರೀ ಟೆಲ್ಮಿಸಾರ್ಟಾನ್. ಟೆಲ್ಮಾ ಎಎಂ ಅಂದರೆ ಅದಕ್ಕೆ ಅಮ್ಲೋಡಿಪಿನ್ ಸೇರಿದೆ. ಟೆಲ್ಮಾ ಎಚ್ ಅಂದರೆ ಹೈಡ್ರೊಕ್ಲೋರೊಥಯಾಜೈಡ್, ಅಂದರೆ ನೀರಿನ ಮಾತ್ರೆ ಸೇರಿದೆ. ಪ್ಯಾನ್ 40 ಬೇರೆ, ಪ್ಯಾನ್ ಡಿ ಬೇರೆ. ಪ್ಯಾನ್ ಡಿಯಲ್ಲಿ ಡೊಂಪೆರಿಡೋನ್ ಇದೆ. "ಟೆಲ್ಮಾ ಕೊಡಿ" ಅಂತಷ್ಟೇ ಕೇಳಿದರೆ ನಾನು ಹಳೇ ಸ್ಟ್ರಿಪ್ ನೋಡದೆ ಕೊಡುವುದೇ ಇಲ್ಲ. ಒಂದು ಅಕ್ಷರ ತಪ್ಪಿದರೆ ಒಂದು ಔಷಧವೇ ಜಾಸ್ತಿ ಅಥವಾ ಕಡಿಮೆ ಆದಂತೆ.

ಡಲ್ಲಾಸ್_ಕನ್ನಡಿಗ

ನಾನು ಇಲ್ಲಿ ಫಾರ್ಮಸಿ ಟೆಕ್ನೀಷಿಯನ್. ಇಲ್ಲಿ ಹೆಚ್ಚು ಬಳಕೆಯ 200 ಔಷಧಗಳ ಪಟ್ಟಿ ಹಿಡಿದು ಓದುವ ರೂಢಿ ಇದೆ. ಕಂಪನಿ ಹೆಸರು, ಮೂಲ ಹೆಸರು, ಗುಂಪು, ಯಾತಕ್ಕೆ, ಈ ನಾಲ್ಕನ್ನು ಒಂದು ಚಿಕ್ಕ ಕಾರ್ಡಿನಲ್ಲಿ ಬರೆಯುತ್ತಾರೆ. ಊರಿನಲ್ಲೂ ಇದನ್ನು ಮಾಡಬಹುದು. ಅಮೆರಿಕದ ಪಟ್ಟಿ ಬೇಡ, ನಿಮ್ಮ ಅಂಗಡಿಯ ಕಪಾಟಿನಲ್ಲಿ ಜಾಸ್ತಿ ಹೋಗುವ ಔಷಧಗಳದ್ದೇ ಮಾಡಿಕೊಳ್ಳಿ.

ಹೊರದೇಶಕ್ಕೆ ಬರುವ ಯೋಚನೆ ಇದ್ದರೆ ಒಂದಷ್ಟು ಹೆಸರು ಬದಲಾಗುತ್ತವೆ. ನಮ್ಮ ಪ್ಯಾರಸಿಟಮಾಲ್ ಇಲ್ಲಿ ಅಸೆಟಮಿನೊಫೆನ್. ಸಾಲ್ಬುಟಮಾಲ್ ಇಲ್ಲಿ ಆಲ್ಬುಟೆರಾಲ್. ಅಡ್ರಿನಲಿನ್ ಎಪಿನೆಫ್ರಿನ್. ಗ್ಲಿಬೆನ್‌ಕ್ಲಮೈಡ್ ಗ್ಲೈಬ್ಯುರೈಡ್. ರಿಫಾಂಪಿಸಿನ್ ರಿಫಾಂಪಿನ್. ರಜೆಗೆ ಬಂದ ಅಪ್ಪ ಅಮ್ಮನ ಮಾತ್ರೆ ಮುಗಿದು ಇಲ್ಲಿನ ಡಾಕ್ಟರ್ ಹತ್ತಿರ ಹೋಗುವಾಗ ಮೂಲ ಹೆಸರು ಬರೆದಿಟ್ಟುಕೊಂಡಿದ್ದರೆ ಎಷ್ಟೋ ಸುಲಭ. ಊರಿನ ಕಂಪನಿ ಹೆಸರು ಹೇಳಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕಲಬುರಗಿ_ಆರೋಗ್ಯ_ಸಹಾಯಕ

ನಮ್ಮ ಭಾಗದ್ದು ಒಂದು ಸೇರಿಸುತ್ತೇನೆ. ಆನೆಕಾಲು ರೋಗಕ್ಕೆ ಮನೆಮನೆಗೆ ಹೋಗಿ ಕೊಡುವ ಡಿಇಸಿ ಮಾತ್ರೆ, ಅಂದರೆ ಡೈಈಥೈಲ್‌ಕಾರ್ಬಮಜಿನ್. ಅದರ ಜೊತೆ ಅಲ್ಬೆಂಡಜೋಲ್. ಪುಸ್ತಕದಲ್ಲಿ ಎರಡೂ "ಹುಳುವಿನ ವಿರುದ್ಧದ ಔಷಧ" ಅಂತ ಒಂದೇ ಕಡೆ ಇರುತ್ತವೆ. ಆದರೆ ಕೆಲಸ ಬೇರೆ. ಡಿಇಸಿ ಮುಖ್ಯವಾಗಿ ರಕ್ತದಲ್ಲಿ ಓಡಾಡುವ ಮರಿಹುಳುಗಳ ಮೇಲೆ. ಅವು ಸಾಯುವಾಗ ಕೆಲವರಿಗೆ ಜ್ವರ, ತಲೆನೋವು ಬರುತ್ತದೆ. ಜನ ಮಾತ್ರೆಯಿಂದ ಕಾಯಿಲೆ ಬಂತು ಅನ್ನುತ್ತಾರೆ. ಹುಳು ಸಾಯುತ್ತಿರುವುದರಿಂದ ಹೀಗೆ ಅಂತ ಮೊದಲೇ ಹೇಳಿದರೆ ಮುಂದಿನ ವರ್ಷವೂ ಮಾತ್ರೆ ನುಂಗುತ್ತಾರೆ.

ಡಿಇಸಿ ಹೊರಬಂದದ್ದು 1940ರ ದಶಕದಲ್ಲಿ, ಅಮೆರಿಕದ ಲೆಡರ್ಲಿ ಪ್ರಯೋಗಾಲಯದಿಂದ. ಆಗ ಅಲ್ಲಿ ಸಂಶೋಧನೆ ನಡೆಸುತ್ತಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧ ಆರಿಯೋಮೈಸಿನ್ ಕೂಡ 1948ರಲ್ಲಿ ಅದೇ ಪ್ರಯೋಗಾಲಯದಿಂದ ಬಂತು. ಇವರ ಹೆಸರು ಫಾರ್ಮಸಿ ಓದುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಹಾವೇರಿ_ಡಿಫಾರ್ಮ್

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೇಡಂ ಹೇಳಿದಂತೆ ಶುಗರ್ ಮಾತ್ರೆಗಳಿಗೆ ಒಂದು ಹಾಳೆ ಮಾಡಿದ್ದೇನೆ. ಗುಂಪಿನ ಹೆಸರಿನಿಂದ ಶುರುಮಾಡದೆ ಅಂಗದಿಂದ ಶುರುಮಾಡಿದೆ. ನೋಡಿ ಹೇಳಿ.

ಲಿವರ್: ಮೆಟ್‌ಫಾರ್ಮಿನ್. ಲಿವರ್ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟೆ ಕೆಡಬಹುದು, ಊಟದ ಜೊತೆ ಕೊಡಬೇಕು.

ಮೇದೋಜೀರಕ ಗ್ರಂಥಿ: ಗ್ಲಿಮೆಪಿರೈಡ್, ಗ್ಲಿಕ್ಲಜೈಡ್. ಇನ್ಸುಲಿನ್ ಬಿಡುವಂತೆ ಒತ್ತಾಯ ಮಾಡುತ್ತವೆ. ಊಟ ತಪ್ಪಿದರೆ ಶುಗರ್ ಲೋ ಆಗುತ್ತದೆ.

ಕರುಳಿನ ಹಾರ್ಮೋನು: ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್. ಜಿಎಲ್‌ಪಿ 1 ಅನ್ನುವ ಹಾರ್ಮೋನನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ.

ಕಿಡ್ನಿ: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ.

ಕೊಬ್ಬು, ಸ್ನಾಯು: ಪಯೊಗ್ಲಿಟಜೋನ್. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವಂತೆ ಮಾಡುತ್ತದೆ.

ಮಂಗಳೂರು_ಉಪನ್ಯಾಸಕಿ

ತುಂಬಾ ಚೆನ್ನಾಗಿದೆ. ಅಂಗದಿಂದ ಶುರುಮಾಡಿದ್ದು ನನಗೆ ಬಹಳ ಇಷ್ಟವಾಯಿತು. ಇದನ್ನು ನನ್ನ ಕ್ಲಾಸಿನಲ್ಲೂ ಮಾಡಿಸುತ್ತೇನೆ.

ಎರಡು ಸಾಲು ಸೇರಿಸಿ. ಗ್ಲಿಫ್ಲೋಜಿನ್ ಮುಂದೆ: ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ಫಂಗಸ್ ಸೋಂಕು ಆಗಬಹುದು. ಯೂರಿನ್ ರಿಪೋರ್ಟ್‌ನಲ್ಲಿ ಸಕ್ಕರೆ ಕಂಡರೆ ಅದು ಔಷಧದ ಕೆಲಸವೇ. ಹೃದಯ ದುರ್ಬಲವಾದವರಿಗೂ ಈ ಗುಂಪು ಕೊಡುತ್ತಾರೆ, ಶುಗರ್ ಇಲ್ಲದಿದ್ದರೂ. ಪಯೊಗ್ಲಿಟಜೋನ್ ಮುಂದೆ: ಮೈಯಲ್ಲಿ ನೀರು ನಿಲ್ಲುತ್ತದೆ, ಹೃದಯ ದುರ್ಬಲವಾದವರಿಗೆ ಬೇಡ.

ಒಂದು ಅಂಗ ಬಿಟ್ಟಿದ್ದೀರಿ, ಕರುಳಿನ ಗೋಡೆ. ಅಲ್ಲಿ ಅಕಾರ್ಬೋಸ್, ವೊಗ್ಲಿಬೋಸ್. ಪಿಷ್ಟ, ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಊಟದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ಉಬ್ಬರ, ಗ್ಯಾಸ್ ಸಾಮಾನ್ಯ.

ಅಪ್ಪನ_ಮಾತ್ರೆ_ಡಬ್ಬಿ

ಮೇಡಂ, ಅಪ್ಪನ ಶುಗರ್ ಮಾತ್ರೆಯ ಸ್ಟ್ರಿಪ್‌ನಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಬರೆದಿದೆ. ಶುಗರ್ ಲೋ ಆದರೆ ಕೊಡೋಣ ಅಂತ ಮನೆಯಲ್ಲಿ ಬೆಲ್ಲ, ಸಕ್ಕರೆ ಇಟ್ಟುಕೊಂಡಿದ್ದೇವೆ. ಅದು ಸಾಕಾ?

ಮಂಗಳೂರು_ಉಪನ್ಯಾಸಕಿ

ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಈ ಮೂರರಲ್ಲಿ ಶುಗರ್ ಲೋ ಮಾಡುವುದು ಮುಖ್ಯವಾಗಿ ಗ್ಲಿಮೆಪಿರೈಡ್. ಆದರೆ ಆಗ ಬೆಲ್ಲ ಅಥವಾ ಸಕ್ಕರೆ ಕೊಟ್ಟರೆ ಅದು ಕರುಳಿನಲ್ಲಿ ಒಡೆದ ಮೇಲಷ್ಟೇ ರಕ್ತಕ್ಕೆ ಸೇರಬೇಕು. ವೊಗ್ಲಿಬೋಸ್ ಅದನ್ನೇ ತಡೆಯುತ್ತಿರುತ್ತದೆ. ಹಾಗಾಗಿ ಬೇಗ ಕೆಲಸ ಮಾಡುವುದಿಲ್ಲ. ಮೆಡಿಕಲ್‌ನಲ್ಲಿ ಸಿಗುವ ಗ್ಲುಕೋಸ್ ಪುಡಿ ತಂದಿಡಿ. ಅದನ್ನು ಒಡೆಯಬೇಕಾಗಿಲ್ಲ, ನೇರವಾಗಿ ಸೇರುತ್ತದೆ. ನೀರಿನಲ್ಲಿ ಕಲಸಿ ಕುಡಿಸಿ, ಕಾಲು ಗಂಟೆ ಬಿಟ್ಟು ಶುಗರ್ ಮತ್ತೆ ನೋಡಿ.

ಬಿಪಿಗೆ "ಒಲಾಲ್" ಮಾತ್ರೆ ಇದೆಯಾ ಅಂತಲೂ ನೋಡಿ. ಇದ್ದರೆ ಶುಗರ್ ಲೋ ಆದಾಗ ಬರುವ ಕೈನಡುಕ, ಎದೆಬಡಿತ ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ. ಅಪ್ಪ ಸುಮ್ನೆ ಬೆವರುತ್ತಿದ್ದಾರೆ, ಮಂಕಾಗಿದ್ದಾರೆ ಅನಿಸಿದರೆ ತಕ್ಷಣ ಶುಗರ್ ಪರೀಕ್ಷೆ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಮಾತ್ರೆ ಡಬ್ಬಿ ಜೊತೆಗಿರಲಿ.

ಅಪ್ಪನ_ಮಾತ್ರೆ_ಡಬ್ಬಿ

ಮೆಟೊಪ್ರೊಲಾಲ್ ಇದೆ ಮೇಡಂ. ಗ್ಲುಕೋಸ್ ಪುಡಿ ಇವತ್ತೇ ತರಿಸುತ್ತೇನೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲಾ ಸ್ಟ್ರಿಪ್‌ಗಳನ್ನೂ ತೆಗೆದುಕೊಂಡು ಹೋಗುತ್ತೇನೆ.